ನೆಕರ್ ತೀರದಿಂದ ಸುಣ್ಣಕಲ್ಲಿನ ಬೆಟ್ಟಗಳಿಗೆ: ಟ್ಯೂಬಿಂಗನ್ ಸುತ್ತಮುತ್ತ ಏಳು ದಿನ

ಓದಿಗಾಗಿ ದಕ್ಷಿಣ ಜರ್ಮನಿಯಲ್ಲಿ ನೆಕರ್ ನದಿಯ ದಡದಲ್ಲಿರುವ ಟ್ಯೂಬಿಂಗನ್ನಿಗೆ ಬಂದು ಎಂಟು ತಿಂಗಳಾಗಿತ್ತು. ಹೊರದೇಶದಿಂದ ಬಂದ ವಿದ್ಯಾರ್ಥಿಗಳೆಲ್ಲ ಮಾಡುವಂತೆ ನಾನೂ ಮೊದಲ ರಜೆಯಲ್ಲಿ ಪ್ಯಾರಿಸ್ಸಿಗೆ, ಎರಡನೆಯದರಲ್ಲಿ ಪ್ರಾಗ್‌ಗೆ ಓಡಿದ್ದೆ. ಆದರೆ ಕೋಣೆಯಿಂದ ಹತ್ತು ಹೆಜ್ಜೆ ಏರಿದರೆ ದಕ್ಷಿಣದಲ್ಲಿ ಗೋಡೆಯಂತೆ ಕಾಣುವ ಶ್ವಾಬಿಶ್ ಆಲ್ಬ್ ಬೆಟ್ಟಸಾಲಿನ ಮೇಲೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಇಲ್ಲಿಯವರು ಅದನ್ನು ‘ನೀಲಿ ಗೋಡೆ’ ಎಂದೇ ಕರೆಯುತ್ತಾರೆ. ಗೋಡೆಯ ಆಚೆ ಏನಿದೆ ಎಂದು ಮನೆಯ ಮಾಲೀಕರು ಕೇಳಿದಾಗ ಉತ್ತರ ಹೇಳಲಾಗದೆ ನಾಚಿಕೆಯಾದದ್ದೇ ಈ ತಿರುಗಾಟಕ್ಕೆ ಕಾರಣ.

ಸುಮಾರು 90,000 ಜನರಿರುವ ಟ್ಯೂಬಿಂಗನ್ನಿನಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವಿದ್ಯಾರ್ಥಿ. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೇ ಇಲ್ಲಿನ ಉದ್ಯಮ, ಅದೇ ಇಲ್ಲಿನ ಪಂಚಾಂಗ. ಮೇ ಅಥವಾ ಜೂನ್ ತಿಂಗಳಲ್ಲಿ ಬರುವ ಕ್ರೈಸ್ತರ ಪೆಂಟಕಾಸ್ಟ್ ಹಬ್ಬದ ವಾರ ತರಗತಿಗಳಿರುವುದಿಲ್ಲ. 2025ರಲ್ಲಿ ಆ ಭಾನುವಾರ ಜೂನ್ 8ರಂದು ಬಂತು. ಆ ವರ್ಷ ತಿಂಗಳಿಗೆ 58 ಯೂರೊ ಕೊಟ್ಟರೆ ಇಡೀ ದೇಶದ ಪ್ರಾದೇಶಿಕ ರೈಲು, ಬಸ್ಸು, ಟ್ರ್ಯಾಮ್‌ಗಳಲ್ಲಿ ಓಡಾಡಬಹುದಾಗಿದ್ದ ಡಾಯ್ಚ್‌ಲಾಂಡ್ ಟಿಕೆಟ್ ಹೇಗೂ ನನ್ನ ಫೋನಿನಲ್ಲಿತ್ತು. ವೇಗದ ಐಸಿಇ ರೈಲುಗಳಿಗೆ ಅದು ನಡೆಯುವುದಿಲ್ಲ. ಆ ಮಿತಿಯೇ ನನಗೆ ಅನುಕೂಲವಾಯಿತು, ಏಕೆಂದರೆ ನಾನು ನೋಡಹೊರಟ ಊರುಗಳಲ್ಲಿ ಹೆಚ್ಚಿನವುಗಳಲ್ಲಿ ವೇಗದ ರೈಲು ನಿಲ್ಲುವುದೇ ಇಲ್ಲ. ಪ್ರತಿದಿನ ಬೆಳಿಗ್ಗೆ ಹೊರಟು ರಾತ್ರಿ ಕೋಣೆಗೆ ಮರಳಬೇಕು, ಹೋಟೆಲಿಗೆ ಒಂದು ಯೂರೊ ಕೂಡ ಖರ್ಚಾಗಬಾರದು ಎಂಬುದಷ್ಟೇ ನಿಯಮ.

ಮೊದಲ ದಿನ, ಭಾನುವಾರ: ಬೆಬನ್‌ಹೌಸನ್

ಹೊರಡುವ ಮೊದಲೇ ಒಂದು ಎಡವಟ್ಟಾಯಿತು. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆಂಬುದು ಎಂಟು ತಿಂಗಳಲ್ಲಿ ಮೈಗೆ ಹತ್ತಿತ್ತು, ಆದರೆ ಪೆಂಟಕಾಸ್ಟಿನ ಮರುದಿನ ಸೋಮವಾರವೂ ಸಾರ್ವಜನಿಕ ರಜೆ ಎಂಬುದು ಮರೆತುಹೋಗಿತ್ತು. ಶನಿವಾರ ಸಾಮಾನು ತಂದಿಟ್ಟುಕೊಳ್ಳದೆ ಇದ್ದುದರಿಂದ ಎರಡು ದಿನಗಳಿಗೆ ನನ್ನ ಬಳಿ ಉಳಿದದ್ದು ಅರ್ಧ ಪೊಟ್ಟಣ ಓಟ್ಸ್, ನಾಲ್ಕು ಸೇಬು ಮತ್ತು ಒಂದು ಗಟ್ಟಿ ಬ್ರೆಡ್ಡು ಮಾತ್ರ.

ನಾನಿರುವ ಲುಸ್ಟ್‌ನೌ ಬಡಾವಣೆಯಿಂದ ಗೋಲ್ಡರ್ಸ್‌ಬಾಖ್ ತೊರೆಯ ಗುಂಟ ಮೂರು ಕಿಲೋಮೀಟರ್ ನಡೆದರೆ ಬೆಬನ್‌ಹೌಸನ್ ಸಿಗುತ್ತದೆ. ಮೋಡ ಕವಿದ, ತಣ್ಣನೆಯ ಬೆಳಗು. 12ನೆಯ ಶತಮಾನದ ಕೊನೆಯಲ್ಲಿ ಸ್ಥಾಪನೆಯಾದ ಈ ಮಠ ಬೇಗನೆ ಸಿಸ್ಟರ್ಶಿಯನ್ ಸಂನ್ಯಾಸಿಗಳ ಕೈಸೇರಿತು. ಆಡಂಬರ ಬೇಡವೆಂದು ಎತ್ತರದ ಗೋಪುರಗಳನ್ನೇ ನಿಷೇಧಿಸಿದ ಪಂಥ ಅದು. ಹಾಗಾಗಿ ಇಲ್ಲಿನ ಚರ್ಚಿಗೆ ಗೋಪುರವಿಲ್ಲ. ಬದಲಿಗೆ ಛಾವಣಿಯ ನಡುವೆ ಕಲ್ಲಿನಲ್ಲಿ ಕಸೂತಿ ಹಾಕಿದಂತೆ ಕೆತ್ತಿದ ಒಂದು ಪುಟ್ಟ ಶಿಖರವಿದೆ. ನಿಯಮದ ಅಕ್ಷರವನ್ನು ಪಾಲಿಸಿ ಅದರ ಆಶಯವನ್ನು ಇಷ್ಟು ಸುಂದರವಾಗಿ ಮುರಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಂನ್ಯಾಸಿಗಳು ಬೇಸಿಗೆಯಲ್ಲಿ ಊಟ ಮಾಡುತ್ತಿದ್ದ ಭೋಜನಶಾಲೆಯಲ್ಲಿ ತೆಳುವಾದ ಕಂಬಗಳು ಮೇಲೇರಿ ತಾಳೆಗರಿಗಳಂತೆ ಕವಲೊಡೆದು ಛಾವಣಿಯನ್ನು ಹೊತ್ತಿವೆ. ಗೋಡೆಗೆ ಬೆನ್ನು ಕೊಟ್ಟು ಕೂತು ಮೇಲೆ ನೋಡುತ್ತಿದ್ದರೆ ಕತ್ತು ನೋಯುವವರೆಗೂ ಏಳಲು ಮನಸ್ಸಾಗುವುದಿಲ್ಲ. ಮತಸುಧಾರಣೆಯ ನಂತರ ಮಠ ಮುಚ್ಚಿತು, ಮುಂದೆ ಈ ಸೀಮೆಯನ್ನು ಆಳುತ್ತಿದ್ದ ವುರ್ಟೆಂಬರ್ಗಿನ ದೊರೆಗಳು ಇದರ ಒಂದು ಭಾಗವನ್ನು ಬೇಟೆಯ ಅರಮನೆ ಮಾಡಿಕೊಂಡರು. 1918ರ ನವೆಂಬರಿನಲ್ಲಿ ಪಟ್ಟ ತೊರೆದ ಕೊನೆಯ ದೊರೆ ಎರಡನೆಯ ವಿಲ್ಹೆಲ್ಮ್ ಇಲ್ಲಿಗೇ ಬಂದು ನೆಲೆಸಿ 1921ರಲ್ಲಿ ತೀರಿಕೊಂಡರು. ಅವರ ಪತ್ನಿ ಷಾರ್ಲಟ್ 1946ರವರೆಗೂ ಇಲ್ಲೇ ಇದ್ದರು. ಎರಡನೆಯ ಮಹಾಯುದ್ಧದ ತರುವಾಯ ಈ ಸೀಮೆ ಫ್ರೆಂಚರ ಆಡಳಿತದಲ್ಲಿದ್ದಾಗ ಟ್ಯೂಬಿಂಗನ್ ಒಂದು ಪುಟ್ಟ ರಾಜ್ಯದ ರಾಜಧಾನಿಯಾಗಿತ್ತು, ಅದರ ಶಾಸನಸಭೆ ಕೂಡುತ್ತಿದ್ದುದು ಇದೇ ಕಟ್ಟಡದಲ್ಲಿ. ಮೌನವ್ರತದ ಸಂನ್ಯಾಸಿಗಳ ಮಠದಲ್ಲಿ ಶಾಸಕರು ಭಾಷಣ ಮಾಡಿದರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಮಧ್ಯಾಹ್ನ ಮಠದ ಹಿಂದಿನ ಶೋನ್‌ಬುಖ್ ಕಾಡಿನಲ್ಲಿ ಬೀಚ್ ಮರಗಳ ಕೆಳಗೆ ಎರಡು ಗಂಟೆ ನಡೆದು, ಗಟ್ಟಿ ಬ್ರೆಡ್ಡನ್ನು ತೊರೆಯ ದಡದಲ್ಲಿ ಕೂತು ತಿಂದು ಹಿಂದಿರುಗಿದೆ.

ಎರಡನೆಯ ದಿನ, ಸೋಮವಾರ: ಹೋಹೆನ್‌ಜೋಲರ್ನ್

ಅಂಗಡಿಗಳು ಮುಚ್ಚಿದ್ದರೂ ರೈಲು ನಿಲ್ದಾಣದೊಳಗಿನ ಬೇಕರಿಗಳಿಗೆ ರಜೆಯ ನಿಯಮದಿಂದ ವಿನಾಯಿತಿ ಇದೆ. ಮೂರು ಪ್ರೆಟ್ಸೆಲ್ ಕಟ್ಟಿಸಿಕೊಂಡು ಹೆಖಿಂಗನ್ ರೈಲು ಹತ್ತಿದೆ. ಅರ್ಧ ಗಂಟೆಗೂ ಕಡಿಮೆ ದಾರಿ. ನಿಲ್ದಾಣದಿಂದ ಬೆಟ್ಟದ ಬುಡದವರೆಗೆ ಬಸ್ಸಿದ್ದರೂ ನಡೆದೇ ಹೊರಟೆ, ಕೊನೆಯ ಏರಿನಲ್ಲಿ ಆ ನಿರ್ಧಾರಕ್ಕಾಗಿ ನನ್ನನ್ನೇ ಬೈದುಕೊಂಡೆ.

ಆಲ್ಬ್ ಬೆಟ್ಟಸಾಲಿನಿಂದ ಕಳಚಿಕೊಂಡು ಮುಂದೆ ನಿಂತ 855 ಮೀಟರ್ ಎತ್ತರದ ಶಂಕುವಿನಾಕಾರದ ಗುಡ್ಡದ ನೆತ್ತಿಯಲ್ಲಿ ಹೋಹೆನ್‌ಜೋಲರ್ನ್ ಕೋಟೆಯಿದೆ. ಪ್ರಷ್ಯಾದ ದೊರೆಗಳೂ ಜರ್ಮನ್ ಚಕ್ರವರ್ತಿಗಳೂ ಹುಟ್ಟಿಬಂದ ಮನೆತನದ ಮೂಲಸ್ಥಾನ ಇದು. ಮಧ್ಯಯುಗದ ಕೋಟೆಯೆಂದು ಭಾವಿಸಿ ಬರುವವರೇ ಹೆಚ್ಚು, ಆದರೆ ಈಗ ಕಾಣುವುದು ಇದೇ ಜಾಗದ ಮೂರನೆಯ ಕೋಟೆ. ಪ್ರಷ್ಯಾದ ದೊರೆ ನಾಲ್ಕನೆಯ ಫ್ರೀಡ್ರಿಖ್ ವಿಲ್ಹೆಲ್ಮನ ಇಚ್ಛೆಯಂತೆ 1850ರಿಂದ 1867ರ ನಡುವೆ ಕಟ್ಟಿದ್ದು. ಅಂದರೆ ರೈಲು ಓಡಾಡುತ್ತಿದ್ದ ಕಾಲದಲ್ಲಿ, ತನ್ನ ಪೂರ್ವಿಕರು ಹೀಗಿದ್ದರು ಎಂದು ಜಗತ್ತಿಗೆ ತೋರಿಸಲು ಒಬ್ಬ ದೊರೆ ನಿಲ್ಲಿಸಿದ ರಂಗಸಜ್ಜಿಕೆ. ಒಳಗೆ ಕಾಲಿಟ್ಟೊಡನೆ ಎದುರಾಗುವ ಮೊದಲ ಕೋಣೆಯ ಗೋಡೆಗಳ ತುಂಬ ವಂಶವೃಕ್ಷವನ್ನೇ ಚಿತ್ರಿಸಿರುವುದು ಆ ಉದ್ದೇಶವನ್ನು ಮುಚ್ಚಿಡುವುದೂ ಇಲ್ಲ.

ಭಂಡಾರದಲ್ಲಿ ಎರಡನೆಯ ವಿಲ್ಹೆಲ್ಮ್ ಚಕ್ರವರ್ತಿಯ (ಬೆಬನ್‌ಹೌಸನ್ನಿನ ದೊರೆಯಲ್ಲ, ಅದೇ ಹೆಸರಿನ ಜರ್ಮನ್ ಚಕ್ರವರ್ತಿ) ಕಿರೀಟದ ಸುತ್ತ ಜನ ಮುತ್ತಿಕೊಂಡಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ನಶ್ಯದ ಡಬ್ಬಿ. 1759ರ ಕೂನರ್ಸ್‌ಡೋರ್ಫ್ ಕದನದಲ್ಲಿ ಪ್ರಷ್ಯಾದ ದೊರೆ ಮಹಾನ್ ಫ್ರೀಡ್ರಿಖನ ಜೇಬಿನಲ್ಲಿದ್ದ ಈ ಡಬ್ಬಿ ಗುಂಡನ್ನು ತಡೆದು ಅವನ ಜೀವ ಉಳಿಸಿತಂತೆ. ಜಜ್ಜಿಹೋದ ಆ ಲೋಹದ ತಗ್ಗನ್ನು ನೋಡಿದ ಮೇಲೆ ಉಳಿದ ಚಿನ್ನವೆಲ್ಲ ಸಪ್ಪೆಯೆನಿಸಿತು. ಅದೇ ಫ್ರೀಡ್ರಿಖನ ಶವಪೆಟ್ಟಿಗೆಯೂ ಯುದ್ಧಾನಂತರ ಅಲೆದಾಡಿ 1950ರ ದಶಕದ ಆರಂಭದಿಂದ 1991ರವರೆಗೆ ಇಲ್ಲಿನ ಪ್ರೊಟೆಸ್ಟಂಟ್ ಪ್ರಾರ್ಥನಾ ಮಂದಿರದಲ್ಲಿತ್ತು. ಎರಡೂ ಜರ್ಮನಿಗಳು ಒಂದಾದ ನಂತರವೇ ಅವನು ತಾನು ಬಯಸಿದ್ದ ಪಾಟ್ಸ್‌ಡಾಮ್‌ಗೆ ಮರಳಿದ್ದು.

ನಿಜ ಹೇಳಬೇಕೆಂದರೆ ಒಳಗಿಗಿಂತ ಹೊರಗಿನ ಕೊತ್ತಳವೇ ಚೆನ್ನ. ನಾನು ಹೋದಾಗ ಮಂಜು ಕವಿದಿತ್ತು. ಹನ್ನೊಂದರ ಹೊತ್ತಿಗೆ ಗಾಳಿ ಬೀಸಿ ಪರದೆ ಸರಿದು, ಕೆಳಗೆ ಹಳ್ಳಿಗಳೂ ಸಾಸಿವೆ ಬೆಳೆಯಂಥ ಹಳದಿ ಹೂವಿನ ಹೊಲಗಳೂ ಒಂದೊಂದಾಗಿ ಬೆಳಕಿಗೆ ಬಂದವು. ಬೆನ್ನ ಹಿಂದೆ ನೀಲಿ ಗೋಡೆ. ಹತ್ತಿರದಿಂದ ಕಂಡರೆ ಅದು ನೀಲಿಯಲ್ಲ, ಕಾಡಿನ ಹಸಿರಿನ ನಡುವೆ ಬೆಳ್ಳಗೆ ಹೊಳೆಯುವ ಸುಣ್ಣಕಲ್ಲಿನ ಬಂಡೆಗಳು.

ಮೂರನೆಯ ದಿನ, ಮಂಗಳವಾರ: ರಾಯ್ಟ್‌ಲಿಂಗನ್ ಮತ್ತು ಊರಾಖ್ ಜಲಪಾತ

ಅಂಗಡಿ ತೆರೆದಿದ್ದರಿಂದ ಮೊದಲ ಕೆಲಸ ಹೊಟ್ಟೆಪಾಡಿನದ್ದು. ಆಮೇಲೆ ಹತ್ತೇ ನಿಮಿಷದ ರೈಲಿನಲ್ಲಿ ರಾಯ್ಟ್‌ಲಿಂಗನ್. ಅಲ್ಲಿ ನೋಡಬೇಕೆಂದಿದ್ದುದು ಒಂದೇ ಓಣಿ. 1726ರ ದೊಡ್ಡ ಬೆಂಕಿಯ ಮರುವರ್ಷ ಊರನ್ನು ಕಟ್ಟುವಾಗ ಎರಡು ಮನೆಗಳ ನಡುವೆ ಉಳಿದುಹೋದ ಶ್ಪ್ರಾಯರ್‌ಹೋಫ್ ಬೀದಿ, ಅತ್ಯಂತ ಇಕ್ಕಟ್ಟಾದ ಕಡೆ 31 ಸೆಂಟಿಮೀಟರ್ ಅಗಲ. ಜಗತ್ತಿನಲ್ಲೇ ಅತಿ ಕಿರಿದಾದ ಬೀದಿಯೆಂಬ ಗಿನ್ನೆಸ್ ದಾಖಲೆ ಇದರ ಹೆಸರಿನಲ್ಲಿದೆ. ಬೆನ್ನ ಚೀಲ ಕಳಚಿ ಕೈಯಲ್ಲಿ ಹಿಡಿದು, ಏಡಿಯಂತೆ ಅಡ್ಡಡ್ಡಲಾಗಿ ಸರಿಯುತ್ತ ದಾಟಿದೆ. ನಡುದಾರಿಯಲ್ಲಿ ಅಂಗಿಯ ಗುಂಡಿ ಗೋಡೆಯ ಹಳೆಯ ಮರಕ್ಕೆ ಸಿಕ್ಕಿಕೊಂಡಾಗ, ಆಚೆ ತುದಿಯಲ್ಲಿ ಕಾಯುತ್ತಿದ್ದ ಪುಟ್ಟ ಹುಡುಗಿ ನನಗೆ ಧೈರ್ಯ ಹೇಳಿದಳು. ಅವಳಿಗೆ ಅದು ರಸ್ತೆಯೇ ಆಗಿತ್ತು, ಹಾಯಾಗಿ ಓಡಿಹೋದಳು.

ಮೆಟ್ಸಿಂಗನ್‌ನಲ್ಲಿ ರೈಲು ಬದಲಿಸಬೇಕು. ಹ್ಯೂಗೊ ಬಾಸ್ ಉಡುಪಿನ ಕಂಪನಿ 1924ರಲ್ಲಿ ಹುಟ್ಟಿದ ಊರಿದು. ಈಗ ಊರಿಗೆ ಊರೇ ರಿಯಾಯಿತಿ ಮಳಿಗೆಗಳ ಸಂತೆಯಾಗಿದ್ದು, ರೈಲಿನಿಂದ ಇಳಿದವರಲ್ಲಿ ಮುಕ್ಕಾಲು ಜನ ಖಾಲಿ ಸೂಟ್‌ಕೇಸ್ ಎಳೆದುಕೊಂಡು ಆ ಕಡೆ ಹೋದರು. ನಾನು ಎರ್ಮ್ಸ್ ಕಣಿವೆಯ ಪುಟ್ಟ ರೈಲಿಗೆ ಹತ್ತಿ, ಜಲಪಾತದ ಹೆಸರನ್ನೇ ಇಟ್ಟುಕೊಂಡ ನಿಲುಗಡೆಯಲ್ಲಿ ಇಳಿದೆ.

ಅಲ್ಲಿಂದ ತೊರೆಯ ಜೊತೆ ಸುಮಾರು ಎರಡು ಕಿಲೋಮೀಟರ್. ನೀರು 37 ಮೀಟರ್ ನೇರವಾಗಿ ಕೆಳಗೆ ಬಿದ್ದು, ಅನಂತರ ಪಾಚಿಯ ಮೆತ್ತೆಗಳ ಮೇಲೆ ಜಾರುತ್ತ ಇಳಿಯುತ್ತದೆ. ದೊಡ್ಡ ಜಲಪಾತಗಳನ್ನು ನೋಡಿದವರಿಗೆ ಗಾತ್ರದಲ್ಲಿ ಇದು ಏನೇನೂ ಅಲ್ಲ. ಇದರ ವಿಶೇಷ ಬೇರೆ. ಸಾಮಾನ್ಯವಾಗಿ ಜಲಪಾತ ತನ್ನ ಬಂಡೆಯನ್ನು ಕೊರೆದು ಹಿಂದೆ ಸರಿಯುತ್ತದೆ, ಊರಾಖಿನದ್ದು ಬಂಡೆಯನ್ನು ಕಟ್ಟುತ್ತ ಮುಂದೆ ಬರುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿಕೊಳ್ಳುತ್ತದೆ. ಒರತೆಯಾಗಿ ಹೊರಬಂದು ಗಾಳಿಯಲ್ಲಿ ಸಿಡಿದಾಗ ಆ ಅನಿಲ ಹಾರಿಹೋಗುತ್ತದೆ, ಕರಗಿದ ಸುಣ್ಣ ಮತ್ತೆ ಘನವಾಗಿ ಪಾಚಿ, ಎಲೆ, ಕಡ್ಡಿಗಳ ಮೇಲೆ ಕೂರುತ್ತದೆ. ಹೀಗೆ ಬೆಳೆದ ಟೂಫಾ ಕಲ್ಲು ಸ್ಪಂಜಿನಂತೆ ತೂತುತೂತು, ಒಣಗಿದರೆ ಹಗುರ ಮತ್ತು ಗಟ್ಟಿ. ಹಿಂದಿನವರು ಅದನ್ನು ಕಡಿದು ಮನೆ ಕಟ್ಟಿದ್ದಾರೆ. ದಾರಿಯ ಬದಿಯಲ್ಲಿ ಬಿದ್ದ ಒಂದು ತುಣುಕಿನಲ್ಲಿ ಬೀಚ್ ಎಲೆಯ ನರಗಳು ಅಚ್ಚೊತ್ತಿದಂತೆ ಮೂಡಿದ್ದವು. ಎಲೆ ಕೊಳೆತು ಹೋಗಿ, ಎಲೆಯ ಆಕಾರ ಕಲ್ಲಾಗಿ ಉಳಿದಿತ್ತು. ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟೆ.

ಮೆಟ್ಟಿಲು ಹತ್ತಿ ನೆತ್ತಿಗೆ ಬಂದಾಗ ಮಳೆ ಹಿಡಿಯಿತು. ಹುಲ್ಲಿನ ಹರವಿನಲ್ಲಿ ನಿಂತು ನೆನೆಯುತ್ತ, ಎದುರು ಗುಡ್ಡದ ಮೇಲಿನ ಹೋಹೆನ್‌ಊರಾಖ್ ಪಾಳುಕೋಟೆಯನ್ನು ದೂರದಿಂದಲೇ ನೋಡಿ ಇಳಿದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ‘ಗಡ್ಡದ’ ಎಬರ್‌ಹಾರ್ಟ್ ಕೌಂಟ್ 1445ರಲ್ಲಿ ಹುಟ್ಟಿದ್ದು ಇದೇ ಊರಾಖಿನಲ್ಲಿ.

ರಾತ್ರಿ ಮನೆ ಸೇರಿದಾಗ ಬೂಟಿಗೆ ಹಿಡಿದ ಬಿಳಿ ಕೆಸರು ಒಣಗಿ, ಮೂರು ಮಹಡಿಯ ಮೆಟ್ಟಿಲ ಮೇಲೂ ಪುಡಿಪುಡಿಯಾಗಿ ಉದುರಿತು. ಎರಡನೆಯ ಮಹಡಿಯ ಹಿರಿಯ ಮಹಿಳೆ ಬಾಗಿಲು ತೆರೆದು ಮೊದಲು ಮೆಟ್ಟಿಲನ್ನೂ ಆಮೇಲೆ ನನ್ನನ್ನೂ ನೋಡಿ, ಶುಭರಾತ್ರಿ ಹೇಳಿ ಬಾಗಿಲು ಹಾಕಿಕೊಂಡರು. ಈ ಸೀಮೆಯಲ್ಲಿ ಆ ನೋಟಕ್ಕೆ ಒಂದು ಇತಿಹಾಸವೇ ಇದೆ. ಅದು ನನಗೆ ಪೂರ್ತಿ ಅರ್ಥವಾದದ್ದು ಶನಿವಾರ.

ನಾಲ್ಕನೆಯ ದಿನ, ಬುಧವಾರ: ಉಲ್ಮ್, ಬ್ಲೌಬಾಯ್ರನ್, ಮತ್ತು ಲೆಕ್ಕದಲ್ಲಿಲ್ಲದ ಎಸ್ಲಿಂಗನ್

ಇದು ಎಲ್ಲಕ್ಕಿಂತ ಉದ್ದದ ದಿನ. ಪ್ಲೋಖಿಂಗನ್‌ನಲ್ಲಿ ರೈಲು ಬದಲಿಸಿ, ಆಲ್ಬ್ ಬೆಟ್ಟವನ್ನು ಹತ್ತಿಳಿದು ಡ್ಯಾನ್ಯೂಬ್ ದಡದ ಉಲ್ಮ್ ತಲುಪಿದೆ. 1377ರಲ್ಲಿ ಅಡಿಗಲ್ಲು ಹಾಕಿ 1890ರಲ್ಲಿ ಮುಗಿಸಿದ ಉಲ್ಮ್ ಚರ್ಚಿನ ಶಿಖರ 161.53 ಮೀಟರ್. ನಾನು ಕತ್ತೆತ್ತಿ ನಿಂತ ಆ ಜೂನ್ ತಿಂಗಳಲ್ಲಿ ಜಗತ್ತಿನ ಅತಿ ಎತ್ತರದ ಚರ್ಚೆಂಬ ಹಿರಿಮೆ ಇನ್ನೂ ಅದರದ್ದೇ ಆಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾರ್ಸಿಲೋನಾದ ಸಗ್ರಾದ ಫಮೀಲಿಯಾ ಅದನ್ನು ಮೀರಿಸಿತು. ಊರಿನವರು ಹೆಮ್ಮೆಪಡುವುದು ಶಿಖರಕ್ಕಿಂತ ಛಾವಣಿಯ ಮೇಲಿನ ಗುಬ್ಬಚ್ಚಿಯ ಬಗ್ಗೆ. ಊರಬಾಗಿಲಲ್ಲಿ ತೊಲೆಯನ್ನು ಅಡ್ಡ ಹಿಡಿದು ಒಳತರಲಾಗದೆ ಪರದಾಡುತ್ತಿದ್ದ ಜನರಿಗೆ, ಕಡ್ಡಿಯನ್ನು ಉದ್ದಕ್ಕೆ ಹಿಡಿದು ಗೂಡಿಗೆ ನುಗ್ಗಿದ ಗುಬ್ಬಚ್ಚಿಯೇ ಬುದ್ಧಿ ಕಲಿಸಿತೆಂಬುದು ಕಥೆ. ತಮ್ಮ ದಡ್ಡತನದ ಕಥೆಯನ್ನು ಚರ್ಚಿನ ನೆತ್ತಿಯ ಮೇಲೆ ಕೂರಿಸಿದ ಊರು ಒಳ್ಳೆಯ ಊರೇ ಇರಬೇಕು.

ಉಲ್ಮ್‌ನಿಂದ ಬ್ಲೌಬಾಯ್ರನ್ ಕಾಲು ಗಂಟೆಯ ದಾರಿ. ಅಲ್ಲಿನ ಬ್ಲೌಟಾಫ್ ಹೊಂಡದ ಚಿತ್ರಗಳನ್ನು ನೋಡಿದಾಗ ಬಣ್ಣವನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದಾರೆಂದೇ ಭಾವಿಸಿದ್ದೆ. ದಡದಲ್ಲಿ ನಿಂತು ಆ ಅನುಮಾನವನ್ನು ಹಿಂದೆ ತೆಗೆದುಕೊಂಡೆ. ಮಠದ ಹಿತ್ತಲಲ್ಲಿ, ಮರಗಳ ನೆರಳಿನಲ್ಲಿ, ನವಿಲಿನ ಕತ್ತಿನ ಬಣ್ಣದ ನೀರು ಸದ್ದಿಲ್ಲದೆ ತುಂಬಿನಿಂತಿದೆ. ನೀರಿನಲ್ಲಿ ತೇಲುವ ಅತಿ ಸೂಕ್ಷ್ಮ ಸುಣ್ಣದ ಕಣಗಳು ಬೆಳಕನ್ನು ಚದುರಿಸುವುದರಿಂದ ಈ ಬಣ್ಣ ಬರುತ್ತದೆ. ಜೋರು ಮಳೆಯಾದ ಮೇಲೆ ಬಂದರೆ ಕೆಸರು ಬೆರೆತು ಬಣ್ಣ ಮಾಸಿರುತ್ತದೆ. ಸುಮಾರು 21 ಮೀಟರ್ ಆಳದ ಈ ಹೊಂಡ ಕೊಳವಲ್ಲ, ಒರತೆ. ಸೆಕೆಂಡಿಗೆ ಸರಾಸರಿ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ತಳದಿಂದ ಉಕ್ಕಿ, ಬ್ಲೌ ಎಂಬ ನದಿಯಾಗಿ ಹರಿದು ಉಲ್ಮ್‌ನಲ್ಲಿ ಡ್ಯಾನ್ಯೂಬನ್ನು ಸೇರುತ್ತದೆ. ತಳದ ಬಾಯಿಯಿಂದ ಒಳಹೊಕ್ಕ ಯೊಖೆನ್ ಹಾಸನ್‌ಮೈಯರ್ ಎಂಬ ಮುಳುಗುಗಾರ 1985ರಲ್ಲಿ, ಒಂದು ಕಿಲೋಮೀಟರಿಗೂ ಉದ್ದದ ನೀರು ತುಂಬಿದ ಸುರಂಗದ ಆಚೆ, ಗಾಳಿಯಿರುವ ದೊಡ್ಡ ಗುಹೆಯಲ್ಲಿ ತಲೆಯೆತ್ತಿದ.

ಈ ನೀರೆಲ್ಲ ಮೇಲಿನ ಪ್ರಸ್ಥಭೂಮಿಯ ಮಳೆ. ನೆಲ ಜರಡಿಯಂತಿರುವುದರಿಂದ ಬಿದ್ದ ಮಳೆಯೆಲ್ಲ ಇಂಗಿಹೋಗಿ, ಬೆಟ್ಟದ ಮೇಲಿನ ಹಳ್ಳಿಗಳು ಶತಮಾನಗಳ ಕಾಲ ಹೊಂಡಗಳಲ್ಲಿ ನಿಂತ ಕಲಕು ನೀರನ್ನೇ ಕುಡಿದವು. ಕಾರ್ಲ್ ಏಮನ್ ಎಂಬ ಎಂಜಿನಿಯರ್ ಕಣಿವೆಯ ನೀರನ್ನೇ ಪಂಪ್ ಮಾಡಿ ಮೇಲೇರಿಸುವ ಯೋಜನೆ ರೂಪಿಸಿದ ಮೇಲೆ, 1871ರಲ್ಲಿ ಯುಸ್ಟಿಂಗನ್ ಹಳ್ಳಿಗೆ ಮೊದಲ ಬಾರಿ ಶುದ್ಧ ನೀರು ಬಂತು. ಇನ್ನೂ ಒಂದು ವಿಚಿತ್ರ: ನಾನು ನಿನ್ನೆ ಕಂಡ ಊರಾಖಿನ ನೀರು ನೆಕರ್, ರೈನ್ ನದಿಗಳ ಮೂಲಕ ಉತ್ತರ ಸಮುದ್ರಕ್ಕೆ ಹೋಗುತ್ತದೆ, ಇಂದಿನದು ಡ್ಯಾನ್ಯೂಬಿನ ಮೂಲಕ ಕಪ್ಪು ಸಮುದ್ರಕ್ಕೆ. ಒಂದೇ ಬೆಟ್ಟದ ಮೇಲೆ ಒಂದೇ ಮೋಡ ಸುರಿದ ಮಳೆ ಯೂರೋಪಿನ ಎರಡು ತುದಿಗಳಿಗೆ ಪಾಲಾಗುತ್ತದೆ.

ಊರಿನ ಪ್ರಾಗೈತಿಹಾಸಿಕ ಸಂಗ್ರಹಾಲಯದಲ್ಲಿ, ಕತ್ತಲೆ ಕೋಣೆಯೊಂದರಲ್ಲಿ, ಒಂದೇ ದೀಪದ ಕೆಳಗೆ ‘ಹೋಲೆ ಫೆಲ್ಸ್‌ನ ವೀನಸ್’ ಇದ್ದಾಳೆ. 2008ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಉತ್ಖನನದಲ್ಲಿ ಹತ್ತಿರದ ಗುಹೆಯಲ್ಲಿ ಸಿಕ್ಕ, ಬೃಹದ್ಗಜದ (ಮ್ಯಾಮತ್) ದಂತದಲ್ಲಿ ಕೆತ್ತಿದ, ಆರು ಸೆಂಟಿಮೀಟರಿನಷ್ಟು ಪುಟ್ಟ ಹೆಣ್ಣುರೂಪ. ವಯಸ್ಸು ಸುಮಾರು 40,000 ವರ್ಷ. ತಲೆಯಿರಬೇಕಾದ ಕಡೆ ಒಂದು ಬಳೆಯಿದೆ, ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳಲೆಂಬಂತೆ. ಹೊಟ್ಟೆಯ ಮೇಲಿನ ಗೆರೆಗಳು ಈಗಷ್ಟೇ ಗೀರಿದಷ್ಟು ಸ್ಪಷ್ಟ. ರಣಹದ್ದಿನ ಮೂಳೆಯಲ್ಲಿ ಐದು ತೂತು ಕೊರೆದು ಮಾಡಿದ ಕೊಳಲೂ ಇಲ್ಲಿದೆ. ಗಾಜಿನ ಮುಂದೆ ನಿಂತಿದ್ದ ನನ್ನ ಬೆರಳುಗಳು ತಾವಾಗಿ ಆ ತೂತುಗಳ ಅಂತರವನ್ನು ಗಾಳಿಯಲ್ಲಿ ಅಳೆಯುತ್ತಿದ್ದವು.

ಹಿಂತಿರುಗುವಾಗ ನಿದ್ದೆ ಹತ್ತಿ ಪ್ಲೋಖಿಂಗನ್ ದಾಟಿಹೋಯಿತು. ಕಣ್ಣು ಬಿಟ್ಟಾಗ ಎಸ್ಲಿಂಗನ್. ಇಳಿದೆ. ಮುಂದಿನ ರೈಲಿಗೆ ಸಮಯವಿದ್ದುದರಿಂದ ಸಂಜೆ ಬೆಳಕಿನಲ್ಲಿ ಊರೊಳಗೆ ನಡೆದೆ. ಎರಡು ಶಿಖರಗಳ ನಡುವೆ ಸೇತುವೆ ಹಾಕಿದ ಚರ್ಚು, ಮರದ ಚೌಕಟ್ಟಿನ ಹಳೆಯ ಮನೆಗಳು, ಕಾಲುವೆಗಳು. ಈ ಊರಿನ ಹೆಸರನ್ನು ಎಲ್ಲೋ ಓದಿದ್ದೇನೆ ಎನ್ನಿಸುತ್ತಲೇ ಇತ್ತು. ಸೇತುವೆಯ ಮೇಲೆ ನಿಂತಾಗ ಹೊಳೆಯಿತು: ಹೆರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಬಾಸೆಲ್ ಮಿಷನ್ನಿನ ಪಾದ್ರಿ, ಟ್ಯೂಬಿಂಗನ್ನಿನಲ್ಲಿ ಓದಿದವರು, ಕನ್ನಡದ ಕೆಲಸಕ್ಕಾಗಿ ಅದೇ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಗೌರವ ಪಡೆದವರು. ಆ ಪತ್ರಿಕೆ ಮೊದಲು ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ನಯಗೊಳಿಸಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಬರೆದು ಅದರಿಂದ ಪಡಿಮೂಡಿಸಿ. ಕಲ್ಲಚ್ಚಿಗೆ ಹೆಸರಾದ ಸೋಲ್ನ್‌ಹೋಫನ್ ಕಲ್ಲು ಸಿಗುವ ಬವೇರಿಯಾದ ಬೆಟ್ಟಗಳು ನಾನು ಅಂದು ಇಡೀ ದಿನ ಅಲೆದ ಸುಣ್ಣಕಲ್ಲಿನ ಪಟ್ಟಿಯದ್ದೇ ಮುಂದುವರಿಕೆ. ಎರಡನೆಯ ರೈಲೂ ತಪ್ಪಿಹೋಗುವಷ್ಟು ಹೊತ್ತು ಆ ಸೇತುವೆಯ ಮೇಲೆ ನಿಂತಿದ್ದೆ.

ಐದನೆಯ ದಿನ, ಗುರುವಾರ: ಊರಲ್ಲೇ

ಕಾಲು ನೋವು, ಬಟ್ಟೆ ಒಗೆಯುವುದು, ಮಧ್ಯಾಹ್ನದವರೆಗೆ ನಿದ್ದೆ. ಸಂಜೆ ಟ್ಯೂಬಿಂಗನ್ ಕೋಟೆಯ ಸಂಗ್ರಹಾಲಯಕ್ಕೆ ಮಾತ್ರ ಹೋದೆ. ಫೋಗಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕ ದಂತದ ಕುದುರೆ, ಉದ್ದ ಐದು ಸೆಂಟಿಮೀಟರಿಗೂ ಕಡಿಮೆ, ವೀನಸ್ಸಿನ ನೆರೆಮನೆಯ ಮಗುವಿನಂತೆ ಕತ್ತು ಬಾಗಿಸಿ ನಿಂತಿದೆ. ಅದೇ ಕೋಟೆಯ ಹಳೆಯ ಅಡುಗೆಮನೆಯಲ್ಲಿ 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ಯುವಕ, ಆಸ್ಪತ್ರೆಯಿಂದ ತರಿಸಿದ ಕೀವಿನ ಬ್ಯಾಂಡೇಜುಗಳನ್ನು ತೊಳೆದು ತೊಳೆದು, ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲು ಬೇರ್ಪಡಿಸಿದ. ದಿನವೂ ಈ ಕೋಟೆಯ ಕೆಳಗೇ ಸೈಕಲ್ಲಿನಲ್ಲಿ ಹೋಗುತ್ತಿದ್ದೆ.

ಆರನೆಯ ದಿನ, ಶುಕ್ರವಾರ: ಕಾಲ್ಫ್

ವಾರದ ಆರಂಭದ ಚಳಿ ಹೋಗಿ ಬಿಸಿಲು ಕಾದಿತ್ತು. ಬರೆಯುವಾಗ ಕೊನೆಯ ಅಕ್ಷರ ‘ವ್’ ಆದರೂ ಹೇಳುವಾಗ ‘ಫ್’ ಆಗುವ ಈ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ನನಗೆ ಎಂಟು ತಿಂಗಳು ಬೇಕಾಯಿತು. ಹೋರ್ಬ್‌ನಲ್ಲಿ ರೈಲು ಬದಲಿಸಿ ನಾಗೋಲ್ಟ್ ಕಣಿವೆಗೆ ಹೊರಳಿದೊಡನೆ ನೆಲದ ಬಣ್ಣವೇ ಬದಲಾಗುತ್ತದೆ. ಇದು ಕಪ್ಪುಕಾಡಿನ ಅಂಚು. ಸುಣ್ಣಕಲ್ಲಿನ ಬಿಳುಪು ಮುಗಿದು ಕೆಂಪು ಮರಳುಗಲ್ಲು ಶುರು, ಬೀಚ್ ಮರಗಳ ಜಾಗದಲ್ಲಿ ಕಡುಹಸಿರಿನ ಫರ್ ಮರಗಳು.

ಊರಿಗೆ ಬರುವ ಪ್ರವಾಸಿಗರೆಲ್ಲ 1946ರಲ್ಲಿ ನೊಬೆಲ್ ಪಡೆದ ಲೇಖಕ ಹೆರ್ಮನ್ ಹೆಸ್ಸೆಯನ್ನು ಹುಡುಕಿ ಬರುತ್ತಾರೆ. 1877ರಲ್ಲಿ ಅವರು ಹುಟ್ಟಿದ ಮನೆ ಮಾರುಕಟ್ಟೆ ಚೌಕದಲ್ಲಿದೆ; ಹಳೆಯ ನಿಕೊಲಸ್ ಸೇತುವೆಯ ಮೇಲೆ ಆಳೆತ್ತರದ ಕಂಚಿನ ಹೆಸ್ಸೆ ಟೋಪಿ ಹಿಡಿದು ನಿಂತಿದ್ದಾರೆ. ನಾನು ಹುಡುಕಿ ಹೋದದ್ದು ಅವರ ತಾಯಿಯ ತಂದೆಯನ್ನು. ಹೆರ್ಮನ್ ಗುಂಡರ್ಟ್ ಟ್ಯೂಬಿಂಗನ್ನಿನಲ್ಲಿ ಓದಿ, ಕೇರಳದ ತಲಶ್ಶೇರಿಯಲ್ಲಿ ವರ್ಷಗಟ್ಟಲೆ ಇದ್ದು, 1859ರಲ್ಲಿ ಮರಳಿ ಬಂದು ಕಾಲ್ಫ್‌ನ ಪ್ರಕಾಶನ ಸಂಸ್ಥೆಯಲ್ಲಿ ಕೂತು, 1872ರಲ್ಲಿ ಮಲಯಾಳಂ ನಿಘಂಟನ್ನು ಮುಗಿಸಿದರು. 1893ರಲ್ಲಿ ಇಲ್ಲೇ ತೀರಿಕೊಂಡರು. ಹೆಸ್ಸೆಯ ತಾಯಿ ಮರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಫರ್ ಮರಗಳ ನಡುವಿನ ಈ ತಂಪು ಕಣಿವೆಯಲ್ಲಿ ಕೂತ ಮುದುಕರೊಬ್ಬರು ಹಲಸು, ತೆಂಗು, ಮಳೆಗಾಲದ ಪದಗಳಿಗೆ ಅರ್ಥ ಬರೆಯುತ್ತಿದ್ದರೆಂಬುದನ್ನು, ಆ ಬೀದಿಯಲ್ಲೇ ನಿಂತು ನೆನೆಯುವಾಗ ನಂಬುವುದು ಕಷ್ಟವಾಯಿತು.

ಮಧ್ಯಾಹ್ನ ಮೌಲ್ಟಾಶೆ ತಿಂದೆ: ಹಿಟ್ಟಿನ ಹಾಳೆಯೊಳಗೆ ಹೂರಣ ತುಂಬಿ ಬೇಯಿಸಿದ, ಚಪ್ಪಟೆ ಕಡುಬಿನಂಥ ತಿನಿಸು. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಂತೆ ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಡಲು ಸಂನ್ಯಾಸಿಗಳು ಕಂಡುಕೊಂಡ ಉಪಾಯವೆಂದು ಇಲ್ಲಿನವರು ಹೇಳುತ್ತಾರೆ. ಅದಕ್ಕಿರುವ ಆಡುಮಾತಿನ ಹೆಸರಿಗೂ ‘ದೇವರನ್ನು ವಂಚಿಸುವ ಪುಟ್ಟದು’ ಎಂದೇ ಅರ್ಥ. ನನ್ನದು ಪಾಲಕ್ ತುಂಬಿದ್ದು, ಆದ್ದರಿಂದ ಯಾರನ್ನೂ ವಂಚಿಸಲಿಲ್ಲ.

ಏಳನೆಯ ದಿನ, ಶನಿವಾರ

ಬಿಸಿಲು 30 ಡಿಗ್ರಿ ದಾಟಿದ್ದರಿಂದ ಕೋಣೆ ಬಿಟ್ಟು ಕದಲಲಿಲ್ಲ. ಗುಂಡರ್ಟರ ಪುಸ್ತಕಗಳೂ ಹಸ್ತಪ್ರತಿಗಳೂ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. 2018ರಿಂದ ಅವನ್ನು ‘ಗುಂಡರ್ಟ್ ಪೋರ್ಟಲ್’ನಲ್ಲಿ ಯಾರು ಬೇಕಾದರೂ ಓದಬಹುದು, ಮಲಯಾಳಂ ಜೊತೆಗೆ ಮಂಗಳೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕಗಳೂ ಅಲ್ಲಿವೆ. ಕಲ್ಲಚ್ಚಿನ ಕನ್ನಡದ ದುಂಡು ಅಕ್ಷರಗಳನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಬೆಳಗು ಕಳೆಯಿತು. ಬರೆದವನ ಕೈ ಒಂದೆರಡು ಕಡೆ ಅಲುಗಿದ್ದು ಕೂಡ ಕಾಣುತ್ತದೆ. 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು, 1903ರ ಡಿಸೆಂಬರಿನಲ್ಲಿ ಕಣ್ಣು ಮುಚ್ಚಿದ್ದು ಈ ಊರಿನಲ್ಲೇ. ಸುಮಾರು 70,000 ಪದಗಳ ಆ ನಿಘಂಟನ್ನು ನಾನು ನಮ್ಮ ಊರಿನಲ್ಲಿ ಓದುವಾಗ ಎಷ್ಟೋ ಸಲ ತೆರೆದಿದ್ದೆ, ಆದರೆ ಅದನ್ನು ಬರೆದವರು ನಡೆದಾಡಿದ ಬೀದಿಗೆ ಓದಲು ಬರುತ್ತೇನೆಂದು ಎಣಿಸಿರಲಿಲ್ಲ.

ಮಧ್ಯಾಹ್ನ ನೀರು ತರಲು ಬಾಗಿಲು ತೆರೆದೆ. ಹಿಡಿಕೆಗೆ ಒಂದು ಪುಟ್ಟ ಮರದ ಫಲಕ ನೇತಾಡುತ್ತಿತ್ತು, ಅದರ ಮೇಲೆ ಅಂದವಾದ ಅಕ್ಷರಗಳಲ್ಲಿ ‘ಕೇರ್‌ವೋಖೆ’, ಗುಡಿಸುವ ವಾರ. ಶ್ವಾಬಿಯಾದ ಮನೆಗಳಲ್ಲಿ ಮೆಟ್ಟಿಲನ್ನೂ ಮುಂಬಾಗಿಲನ್ನೂ ಗುಡಿಸಿ ಒರೆಸುವ ಸರದಿ ವಾರಕ್ಕೊಬ್ಬರಂತೆ ಸುತ್ತುತ್ತದೆ, ಸರದಿಯವರ ಬಾಗಿಲಿಗೆ ಈ ಫಲಕ ಬರುತ್ತದೆ. ಲೆಕ್ಕದ ಪ್ರಕಾರ ನನ್ನ ಸರದಿ ಇನ್ನೂ ಒಂದು ವಾರ ಆಚೆಗಿತ್ತು. ಎರಡನೆಯ ಮಹಡಿಯ ಬಾಗಿಲ ಕಡೆ ನೋಡಿದೆ, ಮುಚ್ಚಿತ್ತು. ವಾದ ಮಾಡುವಂತಿರಲಿಲ್ಲ. ಬಕೆಟ್ಟು, ಪೊರಕೆ ತಂದು ಮೇಲಿನ ಮೆಟ್ಟಿಲಿನಿಂದ ಶುರುಮಾಡಿದೆ. ಸಂದುಗಳಲ್ಲಿ ಕೂತಿದ್ದ ಊರಾಖಿನ ಬಿಳಿ ಮಣ್ಣು ಒಣಗಿ ಕಲ್ಲಿನಂತಾಗಿತ್ತು; ಅದನ್ನು ಕೆರೆದು ತೆಗೆಯಲು ಅಡುಗೆಮನೆಯ ಚಾಕುವನ್ನೇ ತರಬೇಕಾಯಿತು.